ಹೊನ್ನೆಬೈಲಿನ ರಾಜ್ಯಮಟ್ಟದ ನಡಿಗೆ ಸ್ಪರ್ಧೆ

ಹೊನ್ನೆಬೈಲು ರಾಷ್ಟ್ರೀಯ ಕಬಡ್ಡಿ ಕ್ರೀಡಾಂಗಣ ಸಂರಕ್ಷಣಾ ಸಮಿತಿಯ ಗೌರವಾನ್ವಿತ ಕಾರ್ಯದರ್ಶಿಗಳೂ, ಸದರಿ ಕ್ರೀಡಾಂಗಣದ ಬೀಗದ ಕೈಯ ಏಕೈಕ ಒಡೆಯರೂ ಆದ ಶ್ರೀ ಭೋಜರಾಜ ಶೆಟ್ಟಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮ ಜೇಬಿನಲ್ಲಿ ಬೆಚ್ಚಗಿರುವ ಬೀಗದ ಕೈಗೂ ನನ್ನ ಅನಂತ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ನನಗಿಲ್ಲ. ತಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗದ್ದೆಯಾದ್ದರಿಂದ, ಇವತ್ತು ಬೆಳಿಗ್ಗೆ ತಾವು ಬಾವಿಕಟ್ಟೆಯ ಹತ್ತಿರ ನಿಂತು ಹಲ್ಲುಜ್ಜುತ್ತ, ಬಾಯಿತುಂಬ ನೊರೆಯಿಟ್ಟುಕೊಂಡೇ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದುದನ್ನು ಕಂಡು, ತಾವು ಪರಿಪೂರ್ಣ ಆರೋಗ್ಯದಿಂದಿದ್ದೀರೆಂದು ಖಾತ್ರಿ ಮಾಡಿಕೊಂಡಿದ್ದೇನೆ. ಶಾಲೆಯಲ್ಲಿ ತಾವು ನನಗಿಂತ ಒಂದು ತರಗತಿ ಹಿಂದೆ ಇದ್ದವರು. ಅಂದಿನಿಂದ ‘ಏ ಭೋಜ’ ಎಂದೇ ಕರೆದು ಅಭ್ಯಾಸವಾದ ಬಾಯಿಯನ್ನು ಈ ಪತ್ರದ ಮಟ್ಟಿಗೆ ಬಹುವಚನಕ್ಕೆ ತಿರುಗಿಸಿಕೊಂಡಿದ್ದೇನೆ. ಎಲ್ಲಿಯಾದರೂ ಏಕವಚನ ಇಣುಕಿದರೆ ಅದನ್ನು ಹಳೆಯ ಪ್ರೀತಿ ಎಂದೇ ತಿಳಿಯಬೇಕಾಗಿ ವಿನಂತಿ.

ಒಂದೇ ಗದ್ದೆ ದಾಟಿ ಬಂದು ಹೇಳಬಹುದಾದ ಮಾತನ್ನು ಊರಿಗೆಲ್ಲ ಕೇಳುವಂತೆ ಏಕೆ ಬರೆಯುತ್ತಿದ್ದೇನೆ ಎಂದು ತಾವು ಕೇಳಬಹುದು. ತಾವು ನಮಗೆ ಕೊಟ್ಟ ನೋಟಿಸನ್ನು ಕೈಗೆ ಕೊಡದೆ, ಕ್ರೀಡಾಂಗಣದ ಗೇಟಿಗೆ ಅಂಟಿಸಿ, ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ್ದೀರಿ. ‘ಶಿಬಿರದ ಹೆಸರಿನಲ್ಲಿ ಕ್ರೀಡಾಂಗಣವನ್ನು ದುರುಪಯೋಗ ಮಾಡಲಾಗುತ್ತಿದ್ದು, ಈ ತಿಂಗಳ ಕೊನೆಯ ಸಂಜೆಯಿಂದ ಗೇಟಿಗೆ ಪುನಃ ಬೀಗ ಹಾಕಲಾಗುವುದು’ ಎಂಬ ಆ ಸುಂದರ ವಾಕ್ಯವನ್ನು ಊರೇ ಓದಿರುವಾಗ, ಉತ್ತರವನ್ನು ತಾವೊಬ್ಬರೇ ಓದುವುದು ನ್ಯಾಯವಲ್ಲ. ಅಲ್ಲದೆ, ಮುಂಬೈಯಲ್ಲಿ ಯಜಮಾನರ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಷ್ಟು ವರ್ಷವೂ ನಲ್ಲಿಯಲ್ಲಿ ನೀರು ಬಾರದ್ದಕ್ಕೆ, ಬಂದ ನೀರು ನಿಲ್ಲದ್ದಕ್ಕೆ, ಮುಚ್ಚದ ಗಟಾರಕ್ಕೆ, ತೆರೆಯದ ಕಚೇರಿಗೆ ದೂರು ಬರೆದು ನನ್ನ ಕೈ ಪಳಗಿದೆ. ಊರಿಗೆ ಬಂದ ಮೇಲೆ ಆ ವಿದ್ಯೆ ತುಕ್ಕು ಹಿಡಿಯುತ್ತಿತ್ತು. ಅದಕ್ಕೆ ಮತ್ತೆ ಕೆಲಸ ಕೊಟ್ಟ ತಮಗೆ ಮೊದಲ ಧನ್ಯವಾದ.

ಹೊರಗಿನವರಿಗೆ ತಿಳಿಯಲೆಂದು ಸ್ವಲ್ಪ ಹಿಂದಿನದನ್ನು ಹೇಳುತ್ತೇನೆ. ನಮ್ಮ ಹೊನ್ನೆಬೈಲು ಕುಂದಾಪುರದ ಹತ್ತಿರದ ತಲ್ಲೂರಿನಿಂದ ಒಳಗೆ, ಹೊಳೆಯ ಬದಿಗೆ ಇರುವ ಊರು. ಕೆಲವು ವರ್ಷಗಳ ಹಿಂದೆ ಇಲ್ಲಿ ಮಹಿಳೆಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾಟ ನಡೆಯಿತು. ದನ ಮೇಯುತ್ತಿದ್ದ ಬಯಲಿನಲ್ಲಿ ದೊಡ್ಡ ಸೂರಿನ ಕ್ರೀಡಾಂಗಣ ಎದ್ದಿತು. ನಯವಾದ ನೆಲ, ಮೇಲೆ ನೀಲಿ ನೆಲಹಾಸು, ಅಂಕಣದ ಸುತ್ತ ಸೊಂಟದೆತ್ತರದ ಕಬ್ಬಿಣದ ಕಂಬಿ. ದೇಶದ ಮೂಲೆಮೂಲೆಯಿಂದ ಹುಡುಗಿಯರು ಬಂದರು. ಹೋಟೆಲುಗಳು ಸಾಲದೆ ಮನೆಮನೆಗೆ ಒಂದೊಂದು ತಂಡವನ್ನು ಹಂಚಿದಾಗ ನಮ್ಮ ಪಾಲಿಗೆ ಹರಿಯಾಣದವರು ಬಂದು, ಬೆಳಿಗ್ಗೆ ನಾನು ಬಡಿಸಿದ ಕುಚ್ಚಲಕ್ಕಿ ಗಂಜಿಯನ್ನು ನೋಡಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಮೆಲ್ಲಗೆ ವಿಚಾರಿಸಿದರು. ಆ ಹುಡುಗಿಯರು ಹೋದ ಮೇಲೆ ಊರು ಬಿಕೋ ಎಂದಿತು. ಆದರೆ ಕ್ರೀಡಾಂಗಣ ಉಳಿಯಿತು, ಗೇಟು ತೆರೆದೇ ಇತ್ತು, ಮತ್ತು ಊರು ಒಬ್ಬೊಬ್ಬರಾಗಿ ಅದರೊಳಗೆ ಹೋಗತೊಡಗಿತು. ಮಳೆಗಾಲದಲ್ಲಿ ನಾವು ಹೆಂಗಸರು ಅಲ್ಲಿ ನಡೆದೆವು, ಮಕ್ಕಳು ಆಡಿದರು, ಅಂಗನವಾಡಿಯ ರತ್ನ ಟೀಚರು ಹೆಂಗಸರ ಯಕ್ಷಗಾನ ತಂಡ ಕಟ್ಟಿ ಹೆಜ್ಜೆ ಕಲಿಸಿದರು. ನಡೆಯುತ್ತಿದ್ದ ನಾವೂ ಒಮ್ಮೊಮ್ಮೆ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿದ್ದುಂಟು.

ಈ ಕಾಲದಲ್ಲಿಯೇ ಅಲ್ಲಿಗೆ ಮುತ್ತಣ್ಣ ಬಂದದ್ದು. ಗಂಗೊಳ್ಳಿ ಬಂದರಿನಲ್ಲಿ ಬೋಟು ನಡೆಸುವ ತಾಂಡೇಲರಾಗಿದ್ದ ಮುತ್ತಣ್ಣನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆ ತೊದಲಿತು. ಕಡಲಿನಲ್ಲಿ ಒಂದು ಬೊಬ್ಬೆ ಹಾಕಿದರೆ ಪಕ್ಕದ ಬೋಟಿನವರೂ ಬಲೆ ಎಳೆಯುತ್ತಿದ್ದರಂತೆ, ಅಂಥ ಗಂಟಲು. ದಿನಾ ನಡೆಸಬೇಕು, ಸಮತಟ್ಟಾದ ನೆಲದಲ್ಲಿ, ಹಿಡಿದುಕೊಳ್ಳಲು ಏನಾದರೂ ಇರಬೇಕು ಎಂದು ಕುಂದಾಪುರದ ಡಾಕ್ಟರು ಹೇಳಿದರು. ಹೊಳೆಬದಿಯ ಅವರ ಮನೆಯ ಸುತ್ತ ಕಾಲು ಹೂತುಹೋಗುವ ಹೊಯ್ಗೆ, ಬರೀ ಮರಳು. ರಸ್ತೆಗೆ ಹೋದರೆ ಬಸ್ಸು, ಟಿಪ್ಪರು. ಅವರ ಹೆಂಡತಿ ಸೀತು, ಅಂದರೆ ನಮ್ಮ ಮನೆಗೆಲ್ಲ ಮೀನು ತರುವ ಸೀತು, ಗಂಡನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಬೆಳಿಗ್ಗೆ ಕ್ರೀಡಾಂಗಣಕ್ಕೆ ತಂದಳು. ಮುತ್ತಣ್ಣ ಎಡಗೈಯಲ್ಲಿ ಕಂಬಿ ಹಿಡಿದು ಅಂಕಣಕ್ಕೆ ಸುತ್ತು ಬಂದರು. ಕಂಬಿ ಕಡಿದಲ್ಲಿ ಸೀತು ಹೆಗಲು ಕೊಟ್ಟಳು. ರಾಷ್ಟ್ರೀಯ ಆಟಗಾರ್ತಿಯರಿಗೆಂದು ಹಾಕಿದ ಆ ಕಂಬಿಯನ್ನು ಪಂದ್ಯಾಟದಲ್ಲಿ ಯಾರೂ ಅಷ್ಟು ಬಿಗಿಯಾಗಿ ಹಿಡಿದದ್ದನ್ನು ನಾನು ಕಂಡಿಲ್ಲ.

ಆಮೇಲೆ ಸಮಿತಿ ಹುಟ್ಟಿತು, ತಾವು ಕಾರ್ಯದರ್ಶಿಗಳಾದಿರಿ. ಮಾನ್ಯರೇ, ತಾವು ಆ ಕ್ರೀಡಾಂಗಣವನ್ನು ಪ್ರೀತಿಸಿದಂತೆ ಲೋಕದಲ್ಲಿ ಯಾವ ಕಟ್ಟಡವನ್ನೂ ಯಾರೂ ಪ್ರೀತಿಸಿರಲಾರರು. ಮುಂದೊಂದು ದಿನ ಮತ್ತೊಂದು ರಾಷ್ಟ್ರೀಯ ಪಂದ್ಯಾಟ ಬಂದರೆ ನೆಲ ಹೊಸದಾಗಿರಬೇಕು ಎಂದು ತಾವು ಗೇಟಿಗೆ ಬೀಗ ಹಾಕಿದಿರಿ. ಬೀಗವನ್ನು ಕಾಯಲು ಬಚ್ಚನನ್ನು ಇಟ್ಟಿರಿ. ಕ್ರೀಡೆಗೆ ಅತಿ ದೊಡ್ಡ ಶತ್ರು ಮನುಷ್ಯನ ಪಾದ ಎಂಬುದನ್ನು ಈ ಜಿಲ್ಲೆಯಲ್ಲಿ ಮೊದಲು ಕಂಡುಹಿಡಿದವರು ತಾವೇ. ತಮ್ಮ ಆಳ್ವಿಕೆಯಲ್ಲಿ ನೆಲಹಾಸಿಗೆ ಒಂದೂ ಗೀರು ಬೀಳಲಿಲ್ಲ. ಬಾವಲಿಗಳು ಮಾತ್ರ ಅರ್ಜಿ ಹಾಕದೆ ಒಳಹೋಗಿ ಸಂಸಾರ ಹೂಡಿದವು. ಅವುಗಳಿಗೆ ಪಾದ ನೆಲಕ್ಕೆ ಊರುವ ದುರಭ್ಯಾಸವಿಲ್ಲದಿರುವುದರಿಂದ ಅದು ತಮ್ಮ ನಿಯಮದೊಳಗೇ ಇದ್ದಿರಬೇಕು.

ಬೀಗ ಬಿದ್ದ ಮೊದಲ ಬೆಳಿಗ್ಗೆ ನಾನು ಗೇಟಿನ ಹತ್ತಿರವೇ ಇದ್ದೆ. ರಿಕ್ಷಾದಿಂದ ಮುತ್ತಣ್ಣನನ್ನು ಇಳಿಸಿದ ಸೀತು ಬೀಗವನ್ನು ನೋಡಿದಳು, ಬಚ್ಚನನ್ನು ನೋಡಿದಳು. ಬಚ್ಚ ತಲೆ ತುರಿಸುತ್ತ ಅಂದ: “ನಾನ್ ಎಂತ ಮಾಡೂದ್ ಸೀತಕ್ಕ, ನಿಮ್ನ್ ಒಳ್ಗ್ ಬಿಟ್ರೆ ಅವ್ರ್ ನನ್ನ್ ಹೊರ್ಗ್ ಹಾಕ್ತ್ರ್.” ಮುತ್ತಣ್ಣ ಗೇಟಿನ ಸರಳನ್ನು ಎಡಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಒಳಗೆ ನೋಡಿ, ತಿರುಗಿ ರಿಕ್ಷಾ ಹತ್ತಿದರು.

ಆಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಒಂದು ದಿನ ಸೀತು ಮೀನಿನ ಬುಟ್ಟಿಯನ್ನು ನಮ್ಮ ಅಂಗಳದಲ್ಲಿ ಇಳಿಸಿದವಳು, ಮೀನು ತೆಗೆಯದೆ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಉಮಕ್ಕ, ಇವ್ರ್ ಗ್ವಾಡಿ ಬದಿಗ್ ಮೊಖ ಮಾಡ್ಕಂಡ್ ಮನಿಕಂಡ್ರೆ ಏಳುದೇ ಇಲ್ಲೆ. ಮಾತೂ ಇಲ್ಲೆ. ಬೈದ್ರೆ ಆದ್ರೂ ಬೈಲಿ ಅಂದ್ರೆ ಅದೂ ಇಲ್ಲೆ” ಎಂದಳು. ಊರಿನ ಎಲ್ಲರ ಅಂಗಳದಲ್ಲಿಯೂ ಗಟ್ಟಿಗಂಟಲಿನಲ್ಲಿ ಚೌಕಾಸಿ ಮಾಡುವ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೆಕ್ಕು ಬಂದು ಬುಟ್ಟಿಯಲ್ಲಿ ಬಾಯಿ ಹಾಕಿದರೂ ಅವಳು ಓಡಿಸಲಿಲ್ಲ.

ಅವತ್ತೇ ಸಂಜೆ ನಾನು ಗದ್ದೆ ದಾಟಿ ತಮ್ಮ ದರ್ಶನಕ್ಕೆ ಬಂದದ್ದು ತಮಗೆ ನೆನಪಿರಬಹುದು. ತಾವು ಚಹಾ ಕೊಡಿಸಿ, ಅತ್ಯಂತ ವಿನಯದಿಂದ ಹೇಳಿದಿರಿ: “ಉಮಕ್ಕ, ಇದ್ ಕ್ರೀಡಾಂಗಣ, ಆಸ್ಪತ್ರೆ ಅಲ್ಲ. ಒಬ್ರಿಗ್ ಬಿಟ್ರೆ ಎಲ್ಲರ್ಗೂ ಬಿಡ್ಕ್. ರಾಜ್ಯಮಟ್ಟದ್ದ್ ಎಂತಾರೂ ಇದ್ರೆ ಅರ್ಜಿ ಕೊಡಿ, ಕಾಂಬ.” ಚಹಾ ಚೆನ್ನಾಗಿತ್ತು. ಸಿಟ್ಟಿನಲ್ಲಿ ಹೊಗಳಲು ಮರೆತೆ, ಈಗ ಹೊಗಳುತ್ತಿದ್ದೇನೆ.

ದಾರಿಯಲ್ಲಿ ಬರುವಾಗ ನನಗೆ ತಮ್ಮ ಮಾತಿನ ಔದಾರ್ಯ ಅರ್ಥವಾಯಿತು. ತಾವು ಬೇಡ ಎಂದಿರಲಿಲ್ಲ, ರಾಜ್ಯಮಟ್ಟ ಎಂದಿದ್ದಿರಿ. ಮರುದಿನವೇ ಕುಂದಾಪುರಕ್ಕೆ ಹೋಗಿ ಒಂದು ಫ್ಲೆಕ್ಸ್ ಮಾಡಿಸಿದೆ: ‘ರಾಜ್ಯಮಟ್ಟದ ಆಹ್ವಾನಿತ ನಡಿಗೆ ಸ್ಪರ್ಧೆ’, ಕೆಳಗೆ, ಮುಖ್ಯ ಅತಿಥಿಗಳು ಎಂದು ತಮ್ಮ ಚಿತ್ರ, ಆಳೆತ್ತರಕ್ಕೆ. ಸ್ಪರ್ಧಿಗಳ ಹೆಸರಿಗೆ ಜಾಗ ಉಳಿಯಲಿಲ್ಲ. ಅರ್ಜಿಯ ಜೊತೆ ಆ ಫ್ಲೆಕ್ಸಿನ ಫೋಟೋ ಲಗತ್ತಿಸಿ ಕೊಟ್ಟಾಗ, ಬೇರೆ ಅರ್ಜಿಗಳನ್ನು ತಿಂಗಳುಗಟ್ಟಲೆ ಪರಿಶೀಲಿಸುವ ತಾವು ನಿಂತ ನಿಲುವಿನಲ್ಲಿಯೇ ಸಹಿ ಹಾಕಿದ ವೇಗವನ್ನು ನಾನು ಎಂದೂ ಮರೆಯಲಾರೆ.

ಒಪ್ಪಬೇಕಾದವರು ಇನ್ನು ಮುತ್ತಣ್ಣ ಮಾತ್ರ. ಅದು ತಮ್ಮ ಸಹಿಯಷ್ಟು ಸುಲಭವಾಗಲಿಲ್ಲ. ನಾನು ಅವರ ಹಾಸಿಗೆಯ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಅವರು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ಊರಿಗೆ ಊರೇ ನೋಡುತ್ತಿರುವಾಗ ಕಾಲೆಳೆದುಕೊಂಡು ಹೋಗು ಎಂದು ಒಬ್ಬ ತಾಂಡೇಲನಿಗೆ ಹೇಳುವುದು ಎಂಥ ಕೆಲಸ ಎಂದು ನನಗೆ ಅಲ್ಲಿ ಕೂತಾಗಲೇ ತಿಳಿದದ್ದು. ನಾನು ಏಳಬೇಕು ಎನ್ನುವಷ್ಟರಲ್ಲಿ ಸೀತು ಬಾಗಿಲ ಹತ್ತಿರದಿಂದ ಹೇಳಿದಳು: “ಜನ ಕಾಂಬುಕ್ ಅಲ್ಲ ಮಾರಾಯ್ರೆ. ಅದ್ ಆಸ್ಪತ್ರೆ ಅಲ್ಲ ಅಂದ್ರಂಬ್ರ್. ಹೌದ್, ಅಲ್ಲ. ನೀವ್ ರೋಗಿ ಆಯಿ ಹೋಪುದಲ್ಲ, ಆಟಕ್ಕ್ ಹೋಪುದ್.” ಹಾಸಿಗೆಯಿಂದ ಒಂದೇ ಒಂದು ಮಾತು ಬಂತು, ತೊದಲಿದ್ದರೂ ಸ್ಪಷ್ಟವಾಗಿ: “ಹೋಪ.”

ಸ್ಪರ್ಧೆಯ ದಿನ ತಾವು ಜರಿ ಶಾಲು ಹೊದ್ದು ಬಂದಿರಿ. ಸ್ಪರ್ಧಿಗಳು ಮೂವರು: ಮುತ್ತಣ್ಣ, ಅವರ ಹಿಂದೆಯೇ ಇರಬೇಕಾದ್ದರಿಂದ ಸೀತು, ಮತ್ತು ಮಂಡಿಚಿಪ್ಪಿನ ಆಪರೇಷನ್ ಆದ ಸಿದ್ದಾಪುರದ ಒಬ್ಬ ಹಿರಿಯರು. ಇದು ಹೇಗೆ ರಾಜ್ಯಮಟ್ಟ ಎಂದು ತಾವು ನನ್ನ ಕಿವಿಯಲ್ಲಿ ಕೇಳಿದಿರಿ. ಸಿದ್ದಾಪುರವೂ ಈ ರಾಜ್ಯದೊಳಗೇ ಇದೆ ಎಂದು ನಾನು ನಿವೇದಿಸಿಕೊಂಡೆ. ಅಂಕಣಕ್ಕೆ ಒಂದು ಸುತ್ತು ಬರಬೇಕು, ಅಷ್ಟೇ ನಿಯಮ. ರತ್ನ ಟೀಚರು ಮೈಕು ಹಿಡಿದು ಪುಸ್ತಕದ ಕನ್ನಡದಲ್ಲಿ ವಿವರಣೆ ಆರಂಭಿಸಿದವರು, ಅರ್ಧ ದಾರಿಗೆ ಊರಿನ ಕನ್ನಡಕ್ಕೆ ಜಾರಿದರು: “ವೀಕ್ಷಕರೇ, ಮುತ್ತಣ್ಣನವರ ಬಲಗಾಲು ಮೇಲಕ್ಕೆ ಎದ್ದಿದೆ... ಇನ್ನೂ ಮೇಲೇ ಇತ್ತ್... ಬೊಬ್ಬೆ ಹಾಕ್‌ಬೇಡಿ ಮಾರಾಯ್ರೆ, ಕಾಲ್ ಕೆಳ್ಗ್ ಬಪ್ಪುಕ್ ಬಿಡಿ... ಬಂತ್! ಬಂತ್!” ಪಂದ್ಯಾಟದ ಫೈನಲಿನಲ್ಲಿಯೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಸಿದ್ದಾಪುರದ ಹಿರಿಯರು ಮಧ್ಯೆ ಹೊರಗೆ ಕರಿಯುತ್ತಿದ್ದ ಗೋಳಿಬಜೆಯ ಪರಿಮಳಕ್ಕೆ ಹಾದಿ ತಪ್ಪಿ ಸ್ಪರ್ಧೆಯಿಂದ ಹೊರಬಿದ್ದರು.

ಈಗ ನಾನು ಹೇಳಬೇಕಾದ ಸಂಗತಿಗೆ ಬಂದೆ. ಗೋಡೆಯಲ್ಲಿರುವ ಹಿಂದಿನ ಪಂದ್ಯಾಟದ ಚಿತ್ರ ಬೆನ್ನ ಹಿಂದೆ ಕಾಣಬೇಕು ಎಂದು ತಾವು ವೇದಿಕೆಯನ್ನು ಕಂಬಿಗೆ ಅಡ್ಡವಾಗಿಯೇ ಹಾಕಿಸಿದ್ದಿರಿ. ವೇದಿಕೆ ಸಣ್ಣದಾದ್ದರಿಂದ ಭಾಷಣದ ಮೈಕಿನ ಕೋಲು ಕೆಳಗೆ ನೆಲದ ಮೇಲೆ ಇತ್ತು, ತಾವೂ ಅಲ್ಲಿಯೇ ನಿಂತಿದ್ದಿರಿ. ಸುತ್ತು ಮುಗಿಯುವುದು ತಡವಾಗುತ್ತದೆ ಎಂದು ತಾವು ಭಾಷಣವನ್ನು ಮೊದಲೇ ಆರಂಭಿಸಿ, ಕ್ರೀಡೆಯ ಘನತೆಯ ಬಗ್ಗೆ ಮಾತಾಡುತ್ತಿದ್ದಿರಿ. ಮುತ್ತಣ್ಣ ಕಂಬಿ ಹಿಡಿದು ಬರುತ್ತ ಬರುತ್ತ ವೇದಿಕೆಯ ಹತ್ತಿರಕ್ಕೆ ಬಂದರು. ಕಂಬಿ ಮುಗಿಯಿತು. ಸೀತು ಹೆಗಲು ಕೊಡಲು ಮುಂದೆ ಬಂದಳು. ಮುತ್ತಣ್ಣ ಮೊಣಕೈಯಿಂದ ಅವಳನ್ನು ತಡೆದು, ತಮ್ಮನ್ನು ನೋಡಿ, ತೊದಲು ನಾಲಿಗೆಯಲ್ಲಿ ಒಂದೊಂದೇ ಶಬ್ದವನ್ನು ಎಳೆದೆಳೆದು ಹೇಳಿದರು. ಮೈಕು ಎದುರಿಗೇ ಇದ್ದದ್ದರಿಂದ ಅದು ಹೊಳೆಯ ಆಚೆಗೂ ಕೇಳಿತು: “ಹ್ವಾಯ್... ಭಾಷಣ ಕಡಿಗ್ ಮಾಡಿ. ಮೊದ್ಲ್ ಹೆಗ್ಲ್ ಕೊಡಿ.”

ಜನ ನಗಬಹುದು ಎಂದು ನಾನು ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ತಾವು ಮೈಕನ್ನು ಬದಿಗಿಟ್ಟು ಹತ್ತಿರ ಹೋದಿರಿ. ಮುತ್ತಣ್ಣ ಬೋಟಿನ ಹಗ್ಗ ಹಿಡಿದ ಆ ದೊಡ್ಡ ಎಡಗೈಯನ್ನು ತಮ್ಮ ಜರಿ ಶಾಲಿನ ಮೇಲೆ ಊರಿದರು. ವೇದಿಕೆಯ ಈ ತುದಿಯಿಂದ ಆ ತುದಿಯವರೆಗೆ ತಾವಿಬ್ಬರೂ ನಡೆದಿರಿ. ಮೊದಲು ತಾವು ಅವಸರ ಮಾಡಿದಿರಿ, ಮುತ್ತಣ್ಣ ವಾಲಿದರು. ಆಮೇಲೆ ತಾವು ಅವರ ಕಾಲನ್ನು ನೋಡಿಕೊಂಡು, ಅದು ಎದ್ದಾಗ ತಮ್ಮದನ್ನು ಎತ್ತಿ, ಅದು ಊರುವವರೆಗೆ ಕಾದಿರಿ. ನೆಲಹಾಸಿಗೆ ಏನಾಯಿತು ಎಂದು ಆ ಹೊತ್ತಿನಲ್ಲಿ ತಾವು ಒಮ್ಮೆಯೂ ನೋಡಲಿಲ್ಲ. ಆಚೆಯ ಕಂಬಿ ಸಿಕ್ಕಿದ ಮೇಲೆ ಮುತ್ತಣ್ಣ ಕೈ ತೆಗೆದರು. ತಾವು ಮಾತ್ರ ಸ್ವಲ್ಪ ಹೊತ್ತು ಹೆಗಲು ಬಗ್ಗಿಸಿಕೊಂಡೇ ನಿಂತಿದ್ದಿರಿ. ನನ್ನ ಪಕ್ಕದಲ್ಲಿ ಬಚ್ಚ ಸೂರು ನೋಡುತ್ತ, ಬಾವಲಿ ಕಣ್ಣಿಗೆ ಕಸ ಹಾಕಿತು ಎಂದ.

ತೀರ್ಪುಗಾರಳಾಗಿ ನಾನು ಮುತ್ತಣ್ಣನಿಗೆ ಪ್ರಥಮ, ಸೀತುವಿಗೆ ತೃತೀಯ ಸ್ಥಾನ ಕೊಟ್ಟು, ಸುತ್ತಿನ ಅತಿ ಕಷ್ಟದ ಭಾಗವನ್ನು ಪೂರೈಸಿದ್ದಕ್ಕೆ ದ್ವಿತೀಯ ಸ್ಥಾನವನ್ನು ಮುಖ್ಯ ಅತಿಥಿಗಳಿಗೆ ಘೋಷಿಸಿದ್ದನ್ನು ತಾವು ಇನ್ನೂ ಕ್ಷಮಿಸಿಲ್ಲವೆಂದು ಕೇಳಿದ್ದೇನೆ. ಆದರೂ ಅವತ್ತಿನ ಉತ್ಸಾಹದಲ್ಲಿ ‘ರಾಷ್ಟ್ರಮಟ್ಟದ ಆಯ್ಕೆ ಶಿಬಿರ’ಕ್ಕೆಂದು ನಾನು ಮುಂದೆ ಚಾಚಿದ ಅರ್ಜಿಗೂ ತಾವು ಸಹಿ ಹಾಕಿದಿರಿ. ಶಿಬಿರ ಯಾವಾಗ ಮುಗಿಯುತ್ತದೆ ಎಂದು ಅದರಲ್ಲಿ ಬರೆದಿರಲಿಲ್ಲ. ತಾವು ಕೇಳಲೂ ಇಲ್ಲ.

ಆ ಶಿಬಿರವೇ ಈಗ ತಮ್ಮ ನೋಟಿಸಿನಲ್ಲಿ ದುರುಪಯೋಗವಾಗಿದೆ. ನಿಜ, ಬಹಳ ದುರುಪಯೋಗವಾಗಿದೆ. ಮುತ್ತಣ್ಣ ಕಂಬಿ ಬಿಟ್ಟು ನಡೆಯಲು ಕಲಿತುಬಿಟ್ಟಿದ್ದಾರೆ. ಹೋದ ವಾರ ಮನೆಯಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿ, ಬಂದರಿಗೆ ಹೋಗಿ, ಹಳೆಯ ಬೋಟಿನವರಿಗೆ ಬಲೆ ಕಟ್ಟಿದ್ದು ಸರಿಯಿಲ್ಲವೆಂದು ಬೈದು ಬಂದಿದ್ದಾರೆ. ಸೀತು ಊರಿಡೀ ಹುಡುಕಿ, ಸಿಕ್ಕಿದ ಮೇಲೆ ಅವರಿಗೆ ಬೈದು, ಆಮೇಲೆ ನಮ್ಮ ಜಗಲಿಯಲ್ಲಿ ಕೂತು ನಕ್ಕು ನಕ್ಕು ಅತ್ತಳು. ಈಗ ಬೈಂದೂರಿನಿಂದ ಒಬ್ಬರು, ಬ್ರಹ್ಮಾವರದ ಕಡೆಯಿಂದ ಒಬ್ಬರು ಕಾಲು ಬಿದ್ದವರು ಬರುತ್ತಿದ್ದಾರೆ. ಅವರಿಗೆ ಮುತ್ತಣ್ಣನೇ ತರಬೇತುದಾರರು, ಮತ್ತು ಬಹಳ ಬೈಯುವ ತರಬೇತುದಾರರು. ಬಾವಲಿಗಳು ಬೇಸರಪಟ್ಟು ಮನೆ ಖಾಲಿ ಮಾಡಿವೆ. ಇಷ್ಟೆಲ್ಲ ಅನಾಹುತಕ್ಕೆ ನಾನೇ ಹೊಣೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ನೆಲ ಸವೆಯುವುದನ್ನು ತಡೆಯುವುದೇ ತಮ್ಮ ವ್ರತವಾದರೆ, ತಮ್ಮ ಪ್ರತಿಭೆ ನಮ್ಮ ಊರಿಗೇ ಸೀಮಿತವಾಗಬಾರದು. ತಲ್ಲೂರಿನ ಹೆದ್ದಾರಿಯನ್ನು ಬಸ್ಸುಗಳು ತುಳಿದು ಹಾಳುಮಾಡುತ್ತಿವೆ, ಅದಕ್ಕೂ ಒಂದು ಬೀಗ ಹಾಕಿಸಬೇಕು. ಮರವಂತೆಯ ಕಡಲಿನಲ್ಲಿ ಜನ ಬೇಕಾಬಿಟ್ಟಿ ಕಾಲು ಅದ್ದುತ್ತಿದ್ದಾರೆ, ಅನುಮತಿ ಪತ್ರ ಕಡ್ಡಾಯ ಮಾಡಬೇಕು. ಕೊನೆಯದಾಗಿ, ಇದು ಕಬಡ್ಡಿಯ ಅಂಕಣವಾದ್ದರಿಂದ ಕಬಡ್ಡಿಯ ನಿಯಮವನ್ನೇ ಪಾಲಿಸಬೇಕು. ಅವತ್ತು ಮುತ್ತಣ್ಣ ತಮ್ಮ ಅಂಕಣಕ್ಕೆ ನುಗ್ಗಿ, ತಮ್ಮನ್ನು ಎಲ್ಲರೆದುರು ಮುಟ್ಟಿ, ಸುರಕ್ಷಿತವಾಗಿ ಗೆರೆ ದಾಟಿ ಹೋಗಿದ್ದಾರೆ. ಅಂದಮೇಲೆ ತಾವು ಔಟ್. ಹೊರಗೆ ಕೂರಬೇಕಾದವರು ತಾವೇ ಹೊರತು ಊರಲ್ಲ.

ಸಿಟ್ಟು ಮಾಡಿಕೊಳ್ಳಬೇಡಿ. ಸಿಟ್ಟು ಬಂದರೆ ಗದ್ದೆ ದಾಟಿ ಬನ್ನಿ, ಚಹಾ ಮಾಡುತ್ತೇನೆ.

ಗೇಟಿನ ಯಾವ ಬದಿಯಲ್ಲಿ ನಿಲ್ಲಿಸಿದರೂ ತಮ್ಮ ವಿಶ್ವಾಸಿಯೇ ಆದ,
ಉಮಾವತಿ ಶೆಡ್ತಿ
ಶಿಬಿರಾಧ್ಯಕ್ಷೆ, ತೀರ್ಪುಗಾರಳು ಮತ್ತು ನೆರೆಮನೆಯವಳು

ಮರೆತ ಮಾತು: ತಮ್ಮ ನೋಟಿಸಿನ ಗಡುವು ನಿನ್ನೆ ಸಂಜೆಗೆ ಮುಗಿಯಿತು. ತಮ್ಮ ಅಪ್ಪಣೆಯಂತೆ ಬಚ್ಚ ಬೀಗ ಹಿಡಿದು ಗೇಟಿಗೆ ಬಂದವನು ದೀಪ ಹಚ್ಚುವ ಹೊತ್ತು ಮೀರಿದರೂ ಹಾಕದೆ ನಿಂತೇ ಇದ್ದ. ಯಾಕೆ ಎಂದು ಕೇಳಿದೆ. “ಒಳ್ಗೆ ಒಬ್ರ್ ಇನ್ನೂ ನಡಿತಿದ್ರ್ ಉಮಕ್ಕ. ಸಕ್ಕರೆ ಕಾಯಿಲೆ ಅಂಬ್ರ್, ಡಾಕ್ಟ್ರ್ ನಡಿಕ್ ಅಂದಿದ್ರಂಬ್ರ್. ದಿನಾ ಬತ್ರ್. ಅವ್ರನ್ನ್ ಒಳ್ಗ್ ಹಾಕಿ ಬೀಗ ಹ್ಯಾಂಗ್ ಹಾಕುದ್? ಬೀಗ ಕೊಟ್ಟದ್ದೂ ಅವ್ರೇ” ಎಂದ. ಮಾನ್ಯರೇ, ಆ ಮಹನೀಯರು ಅರ್ಜಿ ಹಾಕದೆ ಒಳಹೋಗುತ್ತಿರುವುದನ್ನು ನಾವು ಸಮಿತಿಗೆ ತಿಳಿಸುವುದಿಲ್ಲ. ಅವರು ಇದೇ ರೀತಿ ಪ್ರತಿ ಸಂಜೆಯೂ ತಪ್ಪದೆ ಬರಲಿ ಎಂದಷ್ಟೇ ನಮ್ಮ ಪ್ರಾರ್ಥನೆ. ಆದರೆ ಈ ಸೆಕೆಯಲ್ಲಿ, ಗುರುತು ಸಿಗಬಾರದೆಂದು ಮಂಕಿ ಕ್ಯಾಪು ಹಾಕಿಕೊಳ್ಳುವುದು ಬೇಡ ಎಂದು ಅವರಿಗೆ ದಯವಿಟ್ಟು ತಿಳಿಸುವುದು.